ತೂತೇ ಇಲ್ಲಿ ಮೂಗು

ಮ್ಯಾನ್‌ಹೋಲ್ ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತಲ್ಲ, ಅದು ಹೈಡ್ರೋಜನ್ ಸಲ್ಫೈಡ್. ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಇದರದ್ದು ಒಂದೇ ಒಂದು ಇದ್ದರೂ ನಮ್ಮ ಮೂಗಿಗೆ ಗೊತ್ತಾಗಿಬಿಡುತ್ತೆ. ಆದರೆ ಹತ್ತು ಲಕ್ಷಕ್ಕೆ 100ರ ಪ್ರಮಾಣ ಮುಟ್ಟಿತು ಅಂದರೆ ಕೆಲವೇ ನಿಮಿಷಗಳಲ್ಲಿ ಮೂಗು ಮರಗಟ್ಟುತ್ತೆ, ವಾಸನೆ ನಿಂತೇಹೋಗುತ್ತೆ. ಒಳಗೆ ಇಳಿದವನಿಗೆ ಗಾಳಿ ತಿಳಿಯಾಯಿತು ಅನ್ನಿಸುತ್ತೆ. ಅಪಾಯ ಹೆಚ್ಚಾಗ್ತಾ ಇರೋದೇ ಆಗ. ಸುರಕ್ಷಾ ಸಾಧನ ಇಲ್ಲದೆ ಯಾರನ್ನೂ ಒಳಚರಂಡಿಗೆ ಇಳಿಸಕೂಡದು ಅಂತ 2013ರ ಕಾನೂನು ಹೇಳುತ್ತೆ. ಆದರೂ ಇಳಿಸ್ತಾರೆ. ಹಾಗೆ ಇಳಿದವರು ಸತ್ತ ಸುದ್ದಿ ಓದಿದಾಗಲೆಲ್ಲ ನನಗೆ ನೆನಪಾಗೋದು, ಈ ಅನಿಲವನ್ನ ಪತ್ತೆಹಚ್ಚಬಲ್ಲ ವಸ್ತು ಜಿಂಕ್ ಆಕ್ಸೈಡ್.

ಇದು ನಿಮಗೆ ಹೊಸದೇನಲ್ಲ. ಮೈಮೇಲೆ ಬೆವರುಸಾಲೆ ಎದ್ದರೆ ಹಚ್ಚಿಕೊಳ್ಳೋ ಕ್ಯಾಲಮೈನ್ ಲೋಷನ್‌ನಲ್ಲಿ ಇರೋದು ಮುಖ್ಯವಾಗಿ ಇದೇ ಬಿಳಿ ಪುಡಿ. ಇದೊಂದು ಅರೆವಾಹಕ. ಒಳಗೆ ಓಡಾಡೋ ಎಲೆಕ್ಟ್ರಾನುಗಳು ಸ್ವಲ್ಪ ಇರ್ತವೆ. ಇದನ್ನ 200ರಿಂದ 400 ಡಿಗ್ರಿವರೆಗೆ ಕಾಯಿಸಿದಾಗ ಗಾಳಿಯ ಆಮ್ಲಜನಕ ಬಂದು ಮೈಮೇಲೆ ಕೂತು, ಆ ಎಲೆಕ್ಟ್ರಾನುಗಳನ್ನ ಸಾಲ ಎತ್ತಿಬಿಡುತ್ತೆ. ವಿದ್ಯುತ್ ಹರಿಯೋದು ಕಷ್ಟವಾಗುತ್ತೆ, ರೋಧ ಏರುತ್ತೆ. ಈಗ ಹೈಡ್ರೋಜನ್ ಸಲ್ಫೈಡ್ ಬಂತು ಅನ್ನಿ. ಅದು ಅಲ್ಲಿ ಕೂತಿರೋ ಆಮ್ಲಜನಕದ ಜೊತೆ ಸೇರಿ ಸಲ್ಫರ್ ಡೈಆಕ್ಸೈಡ್ ಮತ್ತು ನೀರಾಗಿ ಹಾರಿಹೋಗುತ್ತೆ, ಸಾಲ ಹೋಗಿದ್ದ ಎಲೆಕ್ಟ್ರಾನು ವಾಪಸ್ ಬರುತ್ತೆ. ರೋಧ ದಡಕ್ಕನೆ ಇಳಿಯುತ್ತೆ. ಆ ಇಳಿತವನ್ನ ಅಳೆದರೆ ಅನಿಲ ಸಿಕ್ಕಿಬಿತ್ತು. ನೈಟ್ರೋಜನ್ ಡೈಆಕ್ಸೈಡ್ ಬಂದರೆ ಇದರ ಉಲ್ಟಾ: ಅದೂ ಸಾಲಗಾರನೇ, ರೋಧ ಇನ್ನೂ ಏರುತ್ತೆ.

ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ತೆತ್ಸುರೋ ಸೆಯಾಮಾ ಜಿಂಕ್ ಆಕ್ಸೈಡಿನ ತೆಳುಪದರದಿಂದ ಅನಿಲ ಪತ್ತೆಹಚ್ಚಿ ತೋರಿಸಿದ್ದು 1962ರಲ್ಲಿ.

ಇನ್ನು ತೂತಿನ ವಿಷಯ. ಸಾಲದ ವ್ಯವಹಾರ ಎಲ್ಲ ನಡೆಯೋದು ಮೇಲ್ಮೈಯಲ್ಲಿ, ಕೆಲವು ನ್ಯಾನೋಮೀಟರ್ ಆಳದವರೆಗೆ ಮಾತ್ರ. ಕಣ ದಪ್ಪಗಿದ್ದರೆ ನಡುವಿನ ತಿರುಳಿಗೆ ಸುದ್ದಿಯೇ ಮುಟ್ಟಲ್ಲ, ವಿದ್ಯುತ್ತು ಆರಾಮಾಗಿ ಅಲ್ಲಿಂದ ಹರಿದುಹೋಗುತ್ತೆ. ಒಂದು ಗ್ರಾಂ ಜಿಂಕ್ ಆಕ್ಸೈಡನ್ನ ಗಟ್ಟಿ ಘನಾಕೃತಿ ಮಾಡಿದರೆ ಅದರ ಮೇಲ್ಮೈ ಎರಡು ಚದರ ಸೆಂಟಿಮೀಟರ್ ಕೂಡ ಇಲ್ಲ. ಅದನ್ನೇ 20 ನ್ಯಾನೋಮೀಟರಿನ ಗುಂಡುಗಳಾಗಿ ಒಡೆದರೆ? ಐವತ್ತು ಚದರ ಮೀಟರ್ ದಾಟುತ್ತೆ, ಒಂದು ಸಣ್ಣ ಮನೆಯ ನೆಲದಷ್ಟು. ಆದರೆ ಬರೀ ಪುಡಿ ಮಾಡಿ ಒತ್ತಿಟ್ಟರೆ ಗಾಳಿ ಒಳಗೆ ನುಗ್ಗಲ್ಲ. ಕಣ ಚಿಕ್ಕದಿರಬೇಕು, ನಡುವೆ ಓಣಿಗಳೂ ಇರಬೇಕು.

ಆ ಓಣಿ ಮಾಡೋ ಒಂದು ವಿಧಾನ ನಮ್ಮ ಅಡುಗೆಮನೆಯಲ್ಲೇ ಇದೆ. ಎಲ್ಲರ ಮನೆ ದೋಸೆಯೂ ತೂತೇ ಅಂತೀವಲ್ಲ, ಸೆಟ್ ದೋಸೆಗೆ ಆ ತೂತು ಬರೋದು ಒಳಗಿನ ಗಾಳಿ ಮೇಲೇಳೋದರಿಂದ. ಪ್ರಯೋಗಾಲಯದಲ್ಲಿ ಸತುವಿನ ಲವಣಕ್ಕೆ ಯೂರಿಯಾ ಬೆರೆಸಿ ಬಿಸಿನೀರಲ್ಲಿ ಇಟ್ಟರೆ ಸತುವಿನ ಹೈಡ್ರಾಕ್ಸಿ ಕಾರ್ಬೊನೇಟಿನ ತೆಳು ಹಾಳೆಗಳು ಬೆಳೀತವೆ. ಅವನ್ನ ಕುಲುಮೆಗೆ ಹಾಕಿದರೆ ನೀರಾವಿ, ಇಂಗಾಲದ ಡೈಆಕ್ಸೈಡ್ ಎರಡೂ ಹೊರಟುಹೋಗಿ ಜಿಂಕ್ ಆಕ್ಸೈಡ್ ಉಳಿಯುತ್ತೆ. ಕಳೆಯೋ ತೂಕ ಕಾಲುಭಾಗ. ಆದರೆ ಉಳಿದದ್ದು ಹೆಚ್ಚು ಸಾಂದ್ರವಾದ್ದರಿಂದ, ಹಾಳೆ ಕುಸಿಯದೆ ನಿಂತರೆ, ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಜಾಗ ಬರಿದು. ಈ ಲೆಕ್ಕ ಮೊದಲ ಸಲ ಮಾಡಿದಾಗ ನನಗೆ ಬಹಳ ಖುಷಿಯಾಗಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ನವಕಾಂತ ಭಟ್ ಅವರ ತಂಡ ಸ್ವೀಡನ್ನಿನವರ ಜೊತೆ ಸೇರಿ ಬೇರೆ ದಾರಿ ಹಿಡಿಯಿತು. ಸಿಲಿಕಾನ್ ಬಿಲ್ಲೆಯ ಮೇಲೆ ಪಾಲಿಸ್ಟೈರಿನ್‌ನ ಪುಟಾಣಿ ಮಣಿಗಳನ್ನ ಹರಡಿ, ಅವು ಒತ್ತೊತ್ತಾಗಿ ಕೂತ ಮೇಲೆ ಸ್ವಲ್ಪ ಸವೆಸಿ, ಸಂದುಗಳಿಗೆ ಜಿಂಕ್ ಆಕ್ಸೈಡ್ ತುಂಬಿಸಿದರು. ಆದದ್ದು ಜೇನುಹುಟ್ಟಿನಂಥ ರಚನೆ. ಕಾರ್ಬನ್ ಮಾನಾಕ್ಸೈಡ್ ಪ್ರಮಾಣದಲ್ಲಿ ಹತ್ತು ಲಕ್ಷಕ್ಕೆ ಅರ್ಧ ಅಣುವಿನಷ್ಟು ವ್ಯತ್ಯಾಸವಾದರೂ ಅದು ಗುರುತಿಸಿತು.

ಹಾಗಾದರೆ ಇದನ್ನ ಮ್ಯಾನ್‌ಹೋಲಿಗೆ ಇಳಿಬಿಟ್ಟರೆ ಆಯ್ತಲ್ಲ? ಅಲ್ಲೇ ತೊಡಕು. ನೀರಾವಿಯೂ ಅದೇ ಮೇಲ್ಮೈಗೆ ಬಂದು ಅಂಟಿಕೊಂಡು ಜಾಗ ಹಿಡಿಯುತ್ತೆ, ಸಂವೇದನೆ ಕುಗ್ಗುತ್ತೆ. ಜೊತೆಗೆ ಹೈಡ್ರೋಜನ್ ಸಲ್ಫೈಡ್ ನಿಧಾನಕ್ಕೆ ಜಿಂಕ್ ಆಕ್ಸೈಡನ್ನೇ ಜಿಂಕ್ ಸಲ್ಫೈಡ್ ಮಾಡಿಬಿಡುತ್ತೆ. ಚೆನ್ನಾಗಿ ಕಾಯಿಸಿದರೆ ಮತ್ತೆ ಸರಿಹೋಗುತ್ತೆ, ಆದರೆ ಪ್ರತಿ ಸಲ ಕಾಯಿಸೋಕೆ ಬ್ಯಾಟರಿ ಬೇಕು. ಸೂಕ್ಷ್ಮತೆಯ ಅಂಕಿಗಳು ಒಂದನ್ನೊಂದು ಮೀರಿಸೋ ಹಾಗೆ ಬರ್ತಾ ಇವೆ, ಅವುಗಳಲ್ಲಿ ಎಷ್ಟೋ ಒಣಗಾಳಿಯಲ್ಲಿ ಅಳೆದವು. ಚರಂಡಿಯ ಗಾಳಿಯಲ್ಲಿ ತೇವ ತೊಟ್ಟಿಕ್ಕುತ್ತಾ ಇರುತ್ತೆ. ಅದಕ್ಕೇ ಈ ಕ್ಷೇತ್ರದ ಹೊಸ ಪ್ರಬಂಧ ಕೈಗೆ ಸಿಕ್ಕಿದರೆ ನಾನು ಮೊದಲು ಹುಡುಕೋದು ಒಂದೇ ಸಾಲು: ಪರೀಕ್ಷೆ ಮಾಡಿದಾಗ ಗಾಳಿಯಲ್ಲಿ ತೇವಾಂಶ ಎಷ್ಟಿತ್ತು?