ನಾಳೆಯ ದಿನವೂ ದೇವರದೇ

(ಶತಮಾನೋತ್ಸವದ ಕೃತಜ್ಞತಾ ಬಲಿಪೂಜೆಯ ಅನಂತರ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷಗಳು ತುಂಬಿದ ಈ ಶುಭದಿನದಂದು ಕಳೆದ ಕಾಲಕ್ಕಾಗಿ ದೇವರನ್ನು ವಂದಿಸುವುದು ಸುಲಭ. ಬರಲಿರುವ ಕಾಲವನ್ನು ಆತನ ಕೈಗೊಪ್ಪಿಸುವುದು ಕಷ್ಟ. ನಮ್ಮ ಮಕ್ಕಳು ಉದ್ಯೋಗವನ್ನರಸಿ ದೂರ ಹೋಗುತ್ತಿದ್ದಾರೆ. ಮಾವಳ್ಳಿಯ ಹಳೆಯ ಮನೆಗಳು ಒಂದೊಂದಾಗಿ ಕೈ ಬದಲಾಗುತ್ತಿವೆ. "ಸ್ವಾಮಿ, ಇನ್ನು ಐವತ್ತು ವರ್ಷಕ್ಕೆ ಇಲ್ಲಿ ಪೂಜೆಗೆ ಬರುವವರು ಯಾರು?" ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಅದಕ್ಕೆ ಉತ್ತರ ನನ್ನಲ್ಲಿಲ್ಲ. ಆದರೆ ಉತ್ತರವಿಲ್ಲದೆಯೂ ಬಾಳಿದವರು ನಮ್ಮ ಊರಿನಲ್ಲಿಯೇ ಇದ್ದರು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಇಲಿಯ ಮೈಮೇಲಿನ ಚಿಗಟದಿಂದ ಅದು ಹರಡುವುದೆಂದು ಫ್ರಾನ್ಸಿನ ಸಿಮೋಂ ಎಂಬ ವೈದ್ಯರು ಅದೇ ವರ್ಷ ಕರಾಚಿಯಲ್ಲಿ ಕಂಡುಕೊಂಡರೂ ಆ ಅರಿವು ಪೇಟೆಯ ಜನರಿಗೆ ತಲುಪಿರಲಿಲ್ಲ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಎದೆ ನಡುಗುತ್ತಿತ್ತು. ಜನರು ಮನೆಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಕಟ್ಟಿಕೊಂಡರು. ಮೊದಲೇ ಯೋಚಿಸಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲವಾದ ಬೀದಿಗಳೊಡನೆ, ಗಾಳಿ ಬೆಳಕುಗಳೊಡನೆ ಬೆಳೆದದ್ದು ಆ ಭೀತಿಯ ಅನಂತರವೇ. ಸಾವಿನ ನೆರಳಿನಲ್ಲಿ ನಿಂತು ನಿವೇಶನ ಕೊಂಡು, ಮಕ್ಕಳಿಗಾಗಿ ಮನೆ ಕಟ್ಟಿದವರ ಧೈರ್ಯವನ್ನು ನೆನೆಯಿರಿ! ನಮ್ಮ ಈ ದೇವಾಲಯಕ್ಕೆ ಅಡಿಗಲ್ಲಿಟ್ಟವರೂ ಆ ಕಾಲವನ್ನು ಕಂಡುಂಡ ಪೀಳಿಗೆಯವರೇ.

ಇಂಥ ಧೈರ್ಯದ ಮೂಲವನ್ನು ಪವಿತ್ರ ಗ್ರಂಥದಲ್ಲಿ ಪ್ರವಾದಿ ಯೆರೆಮೀಯನು ತೋರಿಸಿಕೊಡುತ್ತಾನೆ. ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಮುತ್ತಿದೆ. ಪ್ರವಾದಿ ಸೆರೆಯಲ್ಲಿದ್ದಾನೆ. ನಗರ ಬೀಳುವುದೆಂದು ಸಾರಿದವನೂ ಅವನೇ. ಅಂಥವನು ದೇವರ ಅಪ್ಪಣೆಯಂತೆ ಅನಾತೋತಿನಲ್ಲಿ ಹದಿನೇಳು ಬೆಳ್ಳಿ ನಾಣ್ಯ ತೂಗಿಕೊಟ್ಟು ಹೊಲ ಕೊಳ್ಳುತ್ತಾನೆ. ಸಾಕ್ಷಿಗಳ ಮುಂದೆ ಪತ್ರಕ್ಕೆ ಮುದ್ರೆಯೊತ್ತಿ, ಅದು ಬಹುಕಾಲ ಬಾಳಲೆಂದು ಮಣ್ಣಿನ ಮಡಕೆಯಲ್ಲಿ ಇರಿಸುತ್ತಾನೆ. ನಗರ ಬಿದ್ದೇ ಬಿದ್ದಿತು. ಆ ಹೊಲದ ಬೆಳೆಯನ್ನು ಅವನು ಉಣ್ಣಲಿಲ್ಲ. ಆದರೂ ಆ ಕ್ರಯಪತ್ರವೇ ಅವನ ಪ್ರಾರ್ಥನೆಯಾಯಿತು.

ನಾನೂ ಈ ಪಾಠವನ್ನು ತಡವಾಗಿಯೇ ಕಲಿತೆ. 2020ರ ಏಪ್ರಿಲ್ 12ರಂದು, ಪುನರುತ್ಥಾನದ ಹಬ್ಬದ ದಿನ, ಬಾಗಿಲು ಮುಚ್ಚಿದ ದೇವಾಲಯದಲ್ಲಿ ನಾನೊಬ್ಬನೇ ಬಲಿಪೂಜೆಯನ್ನರ್ಪಿಸಿದೆ. ಮರುವರ್ಷದ ಮೇ ತಿಂಗಳಲ್ಲಿ ಪತಿಯನ್ನು ಮಣ್ಣುಮಾಡಿ ಬಂದ ತಾಯಿಯೊಬ್ಬರು, "ನಾವು ನಂಬಲಿಲ್ಲವೇ ಸ್ವಾಮಿ? ಒಂದು ದಿನವಾದರೂ ಜಪಮಾಲೆ ತಪ್ಪಿಸಿದೆವೇ?" ಎಂದರು. ನಾನು ಮೌನವಾದೆ. ನಂಬಿದವರಿಗೆ ಕೇಡು ತಟ್ಟದೆಂಬಂತೆ ಎಷ್ಟೋ ಸಲ ಬೋಧಿಸಿದವನು ನಾನೇ ಅಲ್ಲವೇ? ಗೆತ್ಸೆಮನೆಯ ತೋಪಿನಲ್ಲಿ ಪ್ರಭು ಯೇಸು ತಮ್ಮ ಮುಂದಿನ ಪಾತ್ರೆ ತೊಲಗಲೆಂದು ಬೇಡಿದರು; ಅದು ತೊಲಗಲಿಲ್ಲ. ಆದರೂ ಅವರು ತಂದೆಯ ಕೈಯನ್ನು ಬಿಡಲಿಲ್ಲ. ಭರವಸೆ ಎಂದರೆ ಇದೇ. ಅದು ಕಷ್ಟ ಬಾರದೆಂಬ ಖಾತರಿಯಲ್ಲ. ಕಷ್ಟದಲ್ಲಿಯೂ ನಾವು ಅನಾಥರಲ್ಲವೆಂಬ ಅರಿವು.

ಅದೇ ತಾಯಿ ಎರಡು ವಾರಗಳ ಬಳಿಕ ಸೋಂಕು ತಗಲಿದ್ದ ನೆರೆಮನೆಯವರಿಗೆ ಗಂಜಿ ಕಾಯಿಸಿ ಬಾಗಿಲಲ್ಲಿರಿಸಿ ಬರುತ್ತಿದ್ದರೆಂದು ಕೇಳಿದೆ. ನಾನು ಕೊಡಲಾರದ ಉತ್ತರವನ್ನು ಅವರು ತಮ್ಮ ಕೈಗಳಿಂದಲೇ ಕೊಟ್ಟಿದ್ದರು.

ಆದುದರಿಂದ ಪ್ರಿಯರೇ, ಐವತ್ತು ವರ್ಷಗಳ ಚಿಂತೆಯನ್ನು ದೇವರಿಗೆ ಬಿಡೋಣ. ಇಂದಿನ ಕೆಲಸವನ್ನು ಮಾತ್ರ ಆತನಿಗೂ ಬಿಟ್ಟುಕೊಡದೆ ನಾವೇ ಮಾಡೋಣ. ಮಕ್ಕಳೊಡನೆ ಕುಳಿತು ಸಂಜೆಯ ಜಪ ಹೇಳೋಣ. ದೂರ ಹೋದವರಿಗೆ ಕಾಗದ ಬರೆಯೋಣ. ಹೊಸದಾಗಿ ಬಂದ ಬಾಡಿಗೆಯ ಕುಟುಂಬವನ್ನು ಹೆಸರು ಹಿಡಿದು ಕರೆಯೋಣ. ಒಂಟಿಯಾಗಿರುವ ವೃದ್ಧರ ಬಾಗಿಲು ತಟ್ಟೋಣ. ಇವೇ ನಮ್ಮ ಅನಾತೋತಿನ ಹೊಲ. ಬೆಳೆಯನ್ನು ಕೊಯ್ಯುವವರು ಯಾರೆಂದು ನಾವು ಅರಿಯೆವು, ಹೊಲದೊಡೆಯನನ್ನು ಬಲ್ಲೆವು. ನಮಗೆ ಅಷ್ಟು ಸಾಕು.

ನಮ್ಮನ್ನು ನೂರು ವರ್ಷ ನಡೆಸಿದ ದೇವರು ನಿಮ್ಮೆಲ್ಲರನ್ನೂ ಹರಸಲಿ. ಆಮೆನ್.