ಮನಸ್ಸಿನ ಕಾಯಿಲೆಗೂ ಮದ್ದುಂಟು



ಜೋಳಕ್ಕೆ ಸುಳಿ ನೊಣ ಬಿದ್ದರೆ ಸುಳಿ ಒಣಗಿದ್ದು ಕಂಡೊಡನೆ ತಿಳಿಯುತ್ತದೆ. ಮನಸ್ಸು ಬಾಡಿದ್ದು ಅಷ್ಟು ಬೇಗ ಕಾಣದು. ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಹೊಲದ ಕಡೆ ಕಾಲೇ ಏಳದಿರುವುದು, ಎಲ್ಲದರಲ್ಲೂ ಬೇಸರ, ಇವು ಎರಡು ವಾರ ಬಿಡದೆ ಇದ್ದರೆ ಸೋಮಾರಿತನವೆಂದು ಬೈಯಬೇಡಿ. ಖಿನ್ನತೆ ಎಂಬ ಕಾಯಿಲೆ ಇರಬಹುದು. ನಮ್ಮವರು ದುಃಖವೆಂದು ಬಾಯಿಬಿಟ್ಟು ಹೇಳುವುದು ಕಡಿಮೆ. ಮೈಕೈ ನೋವು, ತಲೆಭಾರ, ನಿಶ್ಶಕ್ತಿ ಎಂದೇ ಹೇಳುತ್ತಾರೆ.

ಇದರ ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಅದನ್ನು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಸೀಮೆಯೇ. ಹರಪನಹಳ್ಳಿ ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದಾಗ, 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯು ಆ ಜಿಲ್ಲೆಯಲ್ಲಿ ಕೆಲಸ ಆರಂಭಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಆದ್ದರಿಂದ ಮೊದಲು ಹತ್ತಿರದ ಸರ್ಕಾರಿ ವೈದ್ಯರನ್ನು ಕಾಣಿರಿ. ಅಗತ್ಯವಿದ್ದರೆ ಅವರೇ ಮನೋವೈದ್ಯರ ಬಳಿಗೆ ಕಳಿಸುತ್ತಾರೆ.

ಹರಕೆ ತೀರಿಸಬೇಡಿ ಎಂದು ನಾನು ಹೇಳುವುದಿಲ್ಲ, ಮಾತ್ರೆ ತಪ್ಪಿಸಬೇಡಿ ಎನ್ನುತ್ತೇನೆ. ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಹಗುರವೆನಿಸಿದ ಕೂಡಲೇ ನೀವಾಗಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು.

ಇನ್ನೊಂದು ಮಾತು. ಸಾಲದ ಚಿಂತೆಯಲ್ಲಿ ಯಾರಾದರೂ "ಬದುಕಿ ಏನು ಫಲ" ಎಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೂರಿಸಿಕೊಂಡು ಕೇಳಿರಿ, ಒಂಟಿಯಾಗಿ ಬಿಡಬೇಡಿ, ಅಂದೇ ವೈದ್ಯರಿಗೆ ತೋರಿಸಿರಿ. ಕೀಟನಾಶಕದ ಡಬ್ಬಿಗಳನ್ನು ಮನೆಯಿಂದ ಹೊರಗೆ ಬೀಗ ಹಾಕಿಡಿ, ಕೀಲಿ ಬೇರೆಯವರ ಬಳಿ ಇರಲಿ. ರಾತ್ರಿ ವೇಳೆಯಾದರೂ 14416ಕ್ಕೆ ಫೋನ್ ಮಾಡಬಹುದು. 2022ರಲ್ಲಿ ಆರಂಭವಾದ ಈ ಟೆಲಿ ಮಾನಸ್ ಸೇವೆ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ.