ಡಿಗ್ರಿ ತಗೊಂಡು ಏನ್ ಮಾಡ್ತೀಯ?

ಪಿಯುಸಿ ರಿಸಲ್ಟ್ ಬಂದಿದೆ. ಪೇಪರ್ ತುಂಬಾ ರ‍್ಯಾಂಕ್ ಬಂದವರ ಫೋಟೋ, ಮಗಳ ಬಾಯಿಗೆ ಮೈಸೂರುಪಾಕ್ ಇಡ್ತಾ ಇರೋ ಅಪ್ಪ ಅಮ್ಮ. ಅವರಿಗೆಲ್ಲ ಅಭಿನಂದನೆ. ಆದರೆ ಇವತ್ತು ನಾನು ಮಾತಾಡೋದು ಅವರ ಬಗ್ಗೆ ಅಲ್ಲ. ಶೇಕಡಾ 55, 60 ತಗೊಂಡು, ಪೇಪರಿನಲ್ಲಿ ಫೋಟೋ ಬರದೆ, ಮುಂದೇನು ಅಂತ ತಿಳಿಯದೆ ಶಿಡ್ಲಘಟ್ಟದಲ್ಲೋ ಚಿಂತಾಮಣಿಯಲ್ಲೋ ಗೌರಿಬಿದನೂರಿನಲ್ಲೋ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾರಲ್ಲ, ಆ ಮಕ್ಕಳ ಬಗ್ಗೆ. ಅವರನ್ನ ಮನೆಯಲ್ಲಿ ಕೇಳ್ತಾ ಇರೋದು ಒಂದೇ ಪ್ರಶ್ನೆ. ಡಿಗ್ರಿ ತಗೊಂಡು ಏನ್ ಮಾಡ್ತೀಯ?

ಈ ಪ್ರಶ್ನೆ ಕೇಳುವ ಅಪ್ಪನನ್ನು ದಡ್ಡ ಅಂತ ಕರೀಬೇಡಿ. ಅವರ ಲೆಕ್ಕ ಪಕ್ಕಾ ಇದೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಸಾವಿರ ಅಡಿ ದಾಟಿ ಬೋರ್ ಕೊರೆಸಬೇಕು, ನೀರು ಬಂದರೆ ಪುಣ್ಯ, ಬರದಿದ್ದರೆ ಸಾಲ. ಇದರ ಮಧ್ಯೆ ಹಿಪ್ಪುನೇರಳೆ ಬೆಳೆದು ಹುಳು ಸಾಕುತ್ತಾರೆ. ನಾಲ್ಕು ಜ್ವರ ದಾಟಿ, ಹಣ್ಣಾಗಿ, ಚಂದ್ರಿಕೆ ಮೇಲೆ ಗೂಡು ಕಟ್ಟಿ, ಹೆಚ್ಚುಕಡಿಮೆ ಒಂದು ತಿಂಗಳಿಗೆ ಗೂಡು ಕೈಗೆ ಬರುತ್ತೆ. ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿದರೆ ರೇಟು ಹೆಚ್ಚೋ ಕಮ್ಮಿಯೋ, ದುಡ್ಡಂತೂ ಕಣ್ಣಿಗೆ ಕಾಣುತ್ತೆ. ಅದೇ ಮಗನನ್ನು ಕಾಲೇಜಿಗೆ ಹಾಕಿದರೆ? ಮೂರು ವರ್ಷ ಸೊಪ್ಪು ಹಾಕ್ತಾ ಇರಬೇಕು. ಆಮೇಲೂ ಗೂಡು ಕಟ್ಟುತ್ತೋ ಇಲ್ಲವೋ, ಯಾರಿಗೆ ಗೊತ್ತು?

ಇನ್ನೊಂದು ಲೆಕ್ಕ ನೋಡಿ. ಸರ್ಕಾರಿ ಡಿಗ್ರಿ ಕಾಲೇಜಿನ ಫೀಸು ದೊಡ್ಡ ಖರ್ಚಲ್ಲ. ದೊಡ್ಡ ಖರ್ಚು ಬೇರೆಯದು. ಮಗ ಫಿಲೇಚರ್‌ಗೋ, ದೊಡ್ಡಬಳ್ಳಾಪುರದ ಫ್ಯಾಕ್ಟರಿಗೋ ಹೋಗಿ ತಿಂಗಳಿಗೆ 15 ಸಾವಿರ ತರ್ತಾನೆ ಅಂತ ಇಟ್ಕೊಳ್ಳಿ. ಮೂರು ವರ್ಷಕ್ಕೆ 5 ಲಕ್ಷ 40 ಸಾವಿರ. ಬಡವರ ಮನೆಯಲ್ಲಿ ಬಿ.ಎ. ಡಿಗ್ರಿಯ ನಿಜವಾದ ಬೆಲೆ ಅದು. ಅಷ್ಟು ಬಾಳುತ್ತಾ ಈ ಕಾಗದ ಅಂತ ಆ ಅಪ್ಪ ಕೇಳ್ತಾ ಇರೋದು. ಕೇಳಬೇಕಾದ್ದೇ.

ಈಗ ದೇಶದ ಲೆಕ್ಕ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2024ರಲ್ಲಿ ಭಾರತದ ಉದ್ಯೋಗದ ಬಗ್ಗೆ ಒಂದು ವರದಿ ಕೊಡ್ತು. 2022ರಲ್ಲಿ ಯುವ ಪದವೀಧರರ ನಿರುದ್ಯೋಗ ಶೇಕಡಾ 29.1. ಓದು ಬರಹ ಬಾರದ ಯುವಕರಲ್ಲಿ ಅದು ಶೇಕಡಾ 3.4. ಈ ಎರಡು ಅಂಕಿ ಹಿಡ್ಕೊಂಡು, ನೋಡ್ರಪ್ಪಾ, ಓದಿದವನಿಗೇ ಕೆಲಸ ಇಲ್ಲ, ಓದದವನೇ ಜಾಣ ಅಂತ ಭಾಷಣ ಮಾಡೋರಿದ್ದಾರೆ. ಸ್ವಲ್ಪ ನಿಧಾನ ಮಾಡಿ ಸ್ವಾಮಿ. ಓದದವನಿಗೆ ನಿರುದ್ಯೋಗಿಯಾಗಿ ಕೂರುವ ಶಕ್ತಿ ಎಲ್ಲಿದೆ? ಕಲ್ಲು ಕ್ವಾರಿಯೋ, ಗಾರೆ ಕೆಲಸವೋ, ಸಿಕ್ಕಿದ್ದಕ್ಕೆ ಹೋಗಲೇಬೇಕು. ಅವನಿಗೆ ಒಳ್ಳೆ ಕೆಲಸ ಸಿಕ್ಕಿದೆ ಅಂತ ಆ 3.4 ಹೇಳ್ತಾ ಇಲ್ಲ. ಕಾಯೋಕೆ ಅವನಿಗೆ ಆಗೋದಿಲ್ಲ ಅಂತ ಹೇಳ್ತಾ ಇದೆ. ಪದವೀಧರ ಕಾಯ್ತಾ ಇದ್ದಾನೆ. ಓದಿಗೆ ತಕ್ಕ ಕೆಲಸ ಬೇಕು ಅಂತ ಕಾಯ್ತಾ ಇದ್ದಾನೆ.

ಆ ಕಾಯುವಿಕೆ ನಮ್ಮ ರಾಜ್ಯದಲ್ಲಿ ಹೇಗಿದೆ? ಯುವನಿಧಿ ಅಂತ ಯೋಜನೆ ಬಂತು. ಡಿಗ್ರಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500, ಅದೂ ಹೆಚ್ಚೆಂದರೆ ಎರಡು ವರ್ಷ. ಕಷ್ಟದಲ್ಲಿರುವ ಮಕ್ಕಳಿಗೆ ಕೊಟ್ಟರು, ತಪ್ಪಿಲ್ಲ. ಆದರೆ ಕೆಲಸ ಸಿಗದಿರುವುದು ಎಷ್ಟು ಮಾಮೂಲಾಗಿದೆ ಅಂದ್ರೆ, ಅದಕ್ಕೆ ಸರ್ಕಾರ ಬಜೆಟ್‌ನಲ್ಲೇ ಜಾಗ ಇಡಬೇಕಾಯ್ತು. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಯ 1,000 ಹುದ್ದೆಗೆ ಅರ್ಜಿ ಕರೆದರು. ಪಿಯುಸಿ ಆಗಿದ್ದರೆ ಸಾಕು. ಅರ್ಜಿ ಹಾಕಿದವರು ಲಕ್ಷಗಟ್ಟಲೆ.

ಕಾಲೇಜಿಗೇನು ನಮ್ಮಲ್ಲಿ ಬರಗಾಲ ಇಲ್ಲ. 2021-22ರ ಉನ್ನತ ಶಿಕ್ಷಣ ಸಮೀಕ್ಷೆ ಪ್ರಕಾರ, 18ರಿಂದ 23 ವಯಸ್ಸಿನ ಪ್ರತಿ ಲಕ್ಷ ಜನಕ್ಕೆ ಕರ್ನಾಟಕದಲ್ಲಿ 66 ಕಾಲೇಜುಗಳಿವೆ. ದೇಶದ ಸರಾಸರಿ 30. ಕಾಲೇಜು ಇದೆ. ಒಳಗೆ ಏನಿದೆ? ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಹೋಗಿ ನೋಡಿ. ಪಾಠ ನಡೆಯೋದು ಬಹುಪಾಲು ಅತಿಥಿ ಉಪನ್ಯಾಸಕರಿಂದ. ರಾಜ್ಯದಲ್ಲಿ ಅವರ ಸಂಖ್ಯೆ 10 ಸಾವಿರ ದಾಟಿದೆ. ಎಂ.ಎ. ಮಾಡಿ, ನೆಟ್ ಪಾಸಾಗಿ, ಪಿಎಚ್.ಡಿ. ಮುಗಿಸಿದವರೂ ಅವರಲ್ಲಿದ್ದಾರೆ. ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಅವರಿಗೇ ಗೊತ್ತಿಲ್ಲ. 2023ರ ಕೊನೆಯಲ್ಲಿ ಕೆಲಸ ಕಾಯಂ ಮಾಡಿ ಅಂತ ಬೀದಿಗೆ ಬಂದು ಕೂತರು. ಹೇಳಿ, ಬೋರ್ಡಿನ ಮುಂದೆ ನಿಂತ ಮೇಷ್ಟ್ರ ಬದುಕೇ ಹೀಗಿದ್ದರೆ, ಬೆಂಚಿನ ಮೇಲೆ ಕೂತ ಹುಡುಗನಿಗೆ ಓದಿನ ಮೇಲೆ ನಂಬಿಕೆ ಎಲ್ಲಿಂದ ಬರಬೇಕು?

ಈ ಜಿಲ್ಲೆಯ ಮಕ್ಕಳಿಗೆ ಇನ್ನೊಂದು ತೊಡಕು. ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಶಾಲೆ ಕನ್ನಡ. ಕಾಲೇಜಿನ ಬಿ.ಎಸ್ಸಿ., ಬಿ.ಕಾಂ. ಪುಸ್ತಕ ಇಂಗ್ಲಿಷ್. ಅಂದ್ರೆ 18 ವರ್ಷಕ್ಕೆ ಮೂರನೇ ಭಾಷೆಯಲ್ಲಿ ಮೊದಲಿಂದ ಶುರು. ಆ ಇಂಗ್ಲಿಷ್ ಅರ್ಥವಾಗದೆ, ಗೈಡ್ ಉರು ಹೊಡೆದು ಪಾಸಾದರೆ ಕೈಗೆ ಕಾಗದ ಬರುತ್ತೆ, ತಲೆಗೆ ಏನೂ ಬರೋದಿಲ್ಲ. ಆಮೇಲೆ ಇಂಟರ್‌ವ್ಯೂನಲ್ಲಿ ಬಾಯಿ ಕಟ್ಟಿಹೋಗುತ್ತೆ. ದೋಷ ಆ ಮಗುವಿಂದಲ್ಲ.

ಹಾಗಾದರೆ ಕಾಲೇಜೇ ಬೇಡವಾ? ಈಗ ಮೊಬೈಲ್ ತೆಗೆದರೆ ಸಾಕು, ಒಬ್ಬ ಬಂದು ಹೇಳ್ತಾನೆ. ಬಿಲ್ ಗೇಟ್ಸ್ ಕಾಲೇಜು ಬಿಟ್ಟ, ನೀನೂ ಬಿಡು, ನನ್ನ ಕೋರ್ಸ್ ಸೇರು. ಅಲ್ಲಾ ಸ್ವಾಮಿ, ಬಿಲ್ ಗೇಟ್ಸ್ ಬಿಟ್ಟಿದ್ದು ಹಾರ್ವರ್ಡ್! ಮೊದಲು ಅಲ್ಲಿ ಸೀಟು ಸಿಕ್ಕಿತ್ತು, ಅಪ್ಪ ದೊಡ್ಡ ವಕೀಲರು. ಬಿದ್ದರೆ ಹಿಡಿಯೋಕೆ ಮನೆ ಇತ್ತು. ಬಾಗೇಪಲ್ಲಿ ಕಡೆಯ ಕೂಲಿಯವರ ಮಗ ಬಿದ್ದರೆ ಯಾರು ಹಿಡೀತಾರೆ? ಕಾಲೇಜು ದಂಡ ಅನ್ನುವವರನ್ನ ಒಂದೇ ಮಾತು ಕೇಳಿ. ನಿಮ್ಮ ಮಕ್ಕಳು ಎಲ್ಲಿ ಓದ್ತಾ ಇದ್ದಾರೆ?

ಈ ಮಣ್ಣಿನದೇ ಉದಾಹರಣೆ ಕೊಡ್ತೀನಿ. ಗೌರಿಬಿದನೂರು ತಾಲ್ಲೂಕಿನ ಹೊಸೂರು. ಅಲ್ಲಿ 1920ರಲ್ಲಿ ಒಂದು ಬಡ ಮನೆಯಲ್ಲಿ ಹುಟ್ಟಿದ ಹುಡುಗ ಎಚ್. ನರಸಿಂಹಯ್ಯ. 1935ರಲ್ಲಿ ಓದೋಕೆ ಬೆಂಗಳೂರಿಗೆ ಹೋಗಬೇಕು, ಬಸ್ಸಿಗೆ ದುಡ್ಡಿಲ್ಲ. ನಡೆದೇ ಹೋದರು. ಮುಂದೆ ಭೌತಶಾಸ್ತ್ರ ಓದಿದರು, ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಅಷ್ಟೆಲ್ಲ ಆದ ಮೇಲೂ ಇದ್ದದ್ದು ಬಸವನಗುಡಿಯ ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲಿ. ಗೌರಿಬಿದನೂರಿಗೂ ಬಾಗೇಪಲ್ಲಿಗೂ ಕಾಲೇಜು ತಂದರು. ಯಾಕೆ? ತಾವು ನಡೆದ ಆ ದಾರಿಯನ್ನ ಇನ್ನೊಬ್ಬ ಹುಡುಗ ನಡೀಬಾರದು ಅಂತ.

ಇನ್ನೊಬ್ಬರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ. ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮಾಡಿದವರು. ಅವರು ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂತು, 1917ರಲ್ಲಿ ಬೆಂಗಳೂರಿಗೆ ಎಂಜಿನಿಯರಿಂಗ್ ಕಾಲೇಜು ಬಂತು. ಇದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಇನ್ನೊಂದಿದೆ. 1943ರಲ್ಲಿ, 80 ದಾಟಿದ ವಯಸ್ಸಿನಲ್ಲಿ, ಕಸುಬು ಕಲಿಸೋಕೆ ಅಂತಲೇ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಕಟ್ಟಿಸೋಕೆ ನಿಂತರು. ಅದೇ ಇವತ್ತಿನ ಎಸ್.ಜೆ. ಪಾಲಿಟೆಕ್ನಿಕ್. ಕೆ.ಆರ್. ಸರ್ಕಲ್‌ನಲ್ಲಿ ಇಳಿದರೆ ಎರಡೂ ಅಕ್ಕಪಕ್ಕದಲ್ಲೇ ಇವೆ, ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್. ಆ ಮುದುಕರ ಕಣ್ಣಿಗೆ ಒಂದು ಮೇಲು, ಒಂದು ಕೀಳು ಅಂತ ಇರಲಿಲ್ಲ. ಮೇಲು ಕೀಳು ಮಾಡಿದವರು ನಾವು. ಐಟಿಐ ಅಂದ ತಕ್ಷಣ ಮುಖ ಸಿಂಡರಿಸೋರು ನಾವು.

ಅದಕ್ಕೇ ನಾನು ಹೇಳೋದು ಇಷ್ಟು. ಕಲಿಕೆ ಯಾವತ್ತೂ ನಷ್ಟ ಅಲ್ಲ. ಕಲಿಸದ ಕಾಲೇಜಿನಲ್ಲಿ ಮೂರು ವರ್ಷ ಕಳೆಯೋದು ನಷ್ಟ.

ಇಲ್ಲಿವರೆಗೆ ನಾನು ಮಾತಾಡಿದ್ದು ಹೆಚ್ಚಾಗಿ ಗಂಡುಮಕ್ಕಳ ಲೆಕ್ಕ. ಹೆಣ್ಣುಮಕ್ಕಳ ಲೆಕ್ಕವೇ ಬೇರೆ. ಪಿಯುಸಿ ಮುಗಿಯೋದು ಎಷ್ಟನೇ ವಯಸ್ಸಿಗೆ? 18ಕ್ಕೆ. ಮದುವೆಗೆ ಕಾನೂನು ಹೇಳುವ ವಯಸ್ಸು ಎಷ್ಟು? 18. ರಿಸಲ್ಟ್ ಬಂದ ವಾರವೇ ಚಿಕ್ಕಪ್ಪನೋ ಸೋದರತ್ತೆಯೋ ಬಂದು ಕೂತು, ಒಂದು ಒಳ್ಳೆ ಸಂಬಂಧ ಇದೆ ಅಂತ ಶುರು ಮಾಡ್ತಾರೆ. ಆಗ ಅಮ್ಮನ ಕೈಯಲ್ಲಿರೋ ಉತ್ತರ ಒಂದೇ. "ಅವಳು ಓದ್ತಾ ಇದ್ದಾಳೆ." ಈ ಮೂರು ಪದದ ಹಿಂದೆ ಮೂರು ವರ್ಷ ಇದೆ. ಆ ಮೂರು ವರ್ಷದಲ್ಲಿ ಅವಳು 21 ಆಗ್ತಾಳೆ. ಒಬ್ಬಳೇ ಬಸ್ ಹತ್ತುತ್ತಾಳೆ. ಬ್ಯಾಂಕಿಗೆ ಹೋಗಿ ಚಲನ್ ತುಂಬುತ್ತಾಳೆ. ಬೇರೆ ಊರಿನ, ಬೇರೆ ಜಾತಿಯ ಗೆಳತಿಯ ಡಬ್ಬಿಯಲ್ಲಿ ಊಟ ಮಾಡ್ತಾಳೆ. ಬೇಡ ಅನ್ನೋಕೆ ಕಲೀತಾಳೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿಗೆ ದುಡ್ಡೂ ಬೇಕಾಗಿಲ್ಲ.

ಇದಕ್ಕೆ ಎಷ್ಟು ಸಂಬಳ ಅಂತ ಬೆಲೆ ಕಟ್ತೀರಿ? ಕಟ್ಟೋಕೆ ಆಗಲ್ಲ. ದೇವನಹಳ್ಳಿ ಪಕ್ಕದ ಐಫೋನ್ ಫ್ಯಾಕ್ಟರಿಗೆ ಸಾವಿರಾರು ಹೆಣ್ಣುಮಕ್ಕಳು ಹೋಗ್ತಾ ಇದ್ದಾರೆ, ಹೋಗಲಿ, ಸ್ವಂತ ಸಂಬಳವೂ ಒಂದು ಧೈರ್ಯವೇ. ಆದರೆ ಸೇರುವ ಮುನ್ನ ಒಂದು ಮಾತು ಯೋಚಿಸಮ್ಮ. ಆ ಲೈನಿನಲ್ಲಿ 20 ವರ್ಷದವಳಿಗೆ ಕೆಲಸ ಇದೆ. 35 ಆದಾಗ? ಕೆಲಸಕ್ಕೆ ಹೋದರೂ ಓದು ಬಿಡಬೇಡ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇರೋದೇ ನಿನ್ನಂಥವರಿಗೆ. ತಂದೆ ತಾಯಂದಿರೇ, ಮಗನ ಡಿಗ್ರಿ ಬಗ್ಗೆ ಲೆಕ್ಕ ಹಾಕಿ, ಬೇಡ ಅನ್ನೋದಿಲ್ಲ. ಮಗಳನ್ನ ಮಾತ್ರ ಆ ಲೆಕ್ಕದಲ್ಲಿ ಮನೆಯಲ್ಲಿ ಕೂರಿಸಬೇಡಿ.

ಈಗ ಅಡ್ಮಿಷನ್‌ಗೆ ಹೋಗುವವರು ಕೇಳಬೇಕಾದ ನಾಲ್ಕು ಪ್ರಶ್ನೆ ಹೇಳ್ತೀನಿ, ಬರ್ಕೊಳ್ಳಿ. ಒಂದು, ನನ್ನ ವಿಷಯಕ್ಕೆ ಕಾಯಂ ಉಪನ್ಯಾಸಕರು ಎಷ್ಟು ಜನ? ಎರಡು, ಲ್ಯಾಬ್ ತೆರೆದು ತೋರಿಸ್ತೀರಾ? ಬೀಗ ಹುಡುಕೋಕೆ ಹತ್ತು ನಿಮಿಷ ಆದರೆ ಉತ್ತರ ಸಿಕ್ಕಿತು ಅಂತ ತಿಳ್ಕೊಳ್ಳಿ. ಮೂರು, ಹೋದ ವರ್ಷ ಪಾಸಾದ ಐದು ಜನ ಈಗ ಎಲ್ಲಿದ್ದಾರೆ? ಗೋಡೆ ಮೇಲಿನ ಫ್ಲೆಕ್ಸ್ ನಂಬಬೇಡಿ, ಅವರನ್ನೇ ಕೇಳಿ. ನಾಲ್ಕು, ಕಾಲೇಜಿನ ಗೇಟಿನಿಂದ ಹೊರಗೆ ಏನು ತೋರಿಸ್ತೀರಿ? ಗೌರಿಬಿದನೂರಿನಲ್ಲಿ ಬಾಹ್ಯಾಕಾಶದ ಸದ್ದು ಕೇಳುವ ರೇಡಿಯೋ ದೂರದರ್ಶಕ ಇದೆ, ದೂರದ ದೇಶದ ಅಣು ಸ್ಫೋಟವನ್ನೂ ಗುರುತಿಸಬಲ್ಲ ಭೂಕಂಪ ಮಾಪನ ಕೇಂದ್ರ ಇದೆ. ಪಕ್ಕದೂರಿನ ಬಿ.ಎಸ್ಸಿ. ಹುಡುಗ ಮೂರು ವರ್ಷದಲ್ಲಿ ಒಮ್ಮೆಯೂ ಅವುಗಳ ಹೆಸರು ಕೇಳದಿದ್ದರೆ ಅದೆಂಥಾ ಬಿ.ಎಸ್ಸಿ.?

ಡಿಗ್ರಿಯೊಂದೇ ದಾರಿ ಅಂತಲೂ ತಿಳೀಬೇಡಿ. ಐಟಿಐ ಮುಗಿಸಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷ. ರೇಷ್ಮೆ ಮನೆಯ ಮಕ್ಕಳಿಗೆ ಚಿಂತಾಮಣಿಯಲ್ಲೇ ಕೃಷಿ ವಿಶ್ವವಿದ್ಯಾಲಯದ ರೇಷ್ಮೆ ಕಾಲೇಜು ಇದೆ. ಕೃಷಿ ಕೋರ್ಸುಗಳಿಗೆ ರೈತರ ಮಕ್ಕಳ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಇದೆ. ಹೊಲದಲ್ಲಿ ಅಪ್ಪನ ಜೊತೆ ಕಲಿತದ್ದಕ್ಕೆ ಮಾರ್ಕ್ಸ್ ಕೊಡೋ ಪರೀಕ್ಷೆ ಅದು! ಪಿಯುಸಿ ಸೈನ್ಸ್ ತಗೊಂಡ ಎಷ್ಟು ರೈತರ ಮಕ್ಕಳಿಗೆ ಇದು ಗೊತ್ತು? ಗೊತ್ತಿಲ್ಲದಿದ್ದರೆ ತಪ್ಪು ಯಾರದು? ಹೇಳಬೇಕಾದ ನಮ್ಮೆಲ್ಲರದು.

ಕೊನೆಗೆ ಸರ್ಕಾರಕ್ಕೆ ಒಂದು ಮಾತು. ಕೆಲಸ ಸಿಗದ ಮೇಲೆ 3,000 ಕೊಡ್ತೀರಿ, ಸರಿ. ಕೆಲಸ ಸಿಗುವ ಹಾಗೆ ಕಲಿಸೋಕೆ ಮೊದಲು ಮೇಷ್ಟ್ರನ್ನ ಕೊಡಿ. ಹೊಸ ಕಾಲೇಜಿನ ಶಂಕುಸ್ಥಾಪನೆಗೆ ಹಾರೆ ಹಿಡಿಯೋದು ಸುಲಭ. ಇರುವ ಕಾಲೇಜಿನ ಖಾಲಿ ಕುರ್ಚಿ ತುಂಬೋದೇ ಕಷ್ಟ.

ಮತ್ತೆ ನಿಮಗೆ, ಮಕ್ಕಳೇ. "ಡಿಗ್ರಿ ತಗೊಂಡು ಏನ್ ಮಾಡ್ತೀಯ" ಅಂತ ಮನೆಯಲ್ಲಿ ಕೇಳಿದರೆ ಸಿಟ್ಟಾಗಬೇಡಿ. ಉತ್ತರ ಕೊಡಿ. ಏನು ಕಲಿಯೋಕೆ ಹೋಗ್ತಾ ಇದ್ದೀನಿ, ಯಾರ ಹತ್ತಿರ, ಎಷ್ಟು ದಿನ, ಇದು ಕೈಕೊಟ್ಟರೆ ಮುಂದೇನು ಅಂತ ಅಪ್ಪನ ಪಕ್ಕ ಕೂತು ಹೇಳಿ. ತೆಲುಗಿನಲ್ಲಾದರೂ ಹೇಳಿ, ಕನ್ನಡದಲ್ಲಾದರೂ ಹೇಳಿ. ಒಂದು ತಿಂಗಳ ಗೂಡಿನ ಲೆಕ್ಕ ಬಲ್ಲ ಅಪ್ಪನಿಗೆ ಮೂರು ವರ್ಷದ ಲೆಕ್ಕವೂ ಅರ್ಥವಾಗುತ್ತೆ.